ವಚನ ಎಲ್ಲರದು, ಧ್ವನಿಮುದ್ರಣ ಎಲ್ಲರದಲ್ಲ



ಕಳೆದ ಬಸವ ಜಯಂತಿಗೆ ಪೀಣ್ಯದ ನಮ್ಮ ಬಳಗದವರು ಮೆರವಣಿಗೆಯ ವಿಡಿಯೊ ಮಾಡಿದರು. ಹಿನ್ನೆಲೆಗೆ ಹೆಸರಾಂತ ಗಾಯಕರೊಬ್ಬರು ಹಾಡಿದ ವಚನವನ್ನು ಸೇರಿಸಿ ಯೂಟ್ಯೂಬಿಗೆ ಹಾಕಿದರು. ಹದಿನೈದು ದಿನದಲ್ಲಿ ಆ ಧ್ವನಿಮುದ್ರಣದ ಹಕ್ಕುದಾರರ ವಕೀಲರಿಂದ ನೋಟಿಸು ಬಂತು. ಹುಡುಗರು ನನ್ನ ಮನೆಗೆ ಓಡಿ ಬಂದರು. "ಬಸವಣ್ಣನವರ ವಚನಕ್ಕೆ ದುಡ್ಡು ಕೇಳೋಕೆ ಇವರ್ಯಾರು ಸಾರ್?" ಎಂದು ಒಬ್ಬನ ಸಿಟ್ಟು. ಸುಳ್ಳೇಕೆ ಹೇಳಲಿ, ನನಗೂ ಸಿಟ್ಟು ಬಂದಿತ್ತು. ಸರ್ಕಾರಿ ನೌಕರಿಯುದ್ದಕ್ಕೂ ಟೆಂಡರು, ಕರಾರುಪತ್ರ ಓದಿದವನು ನಾನು. ನೋಟಿಸನ್ನು ಎರಡನೆಯ ಸಲ ಓದಿದಾಗ ಸಿಟ್ಟು ಇಳಿಯಿತು.

ಹನ್ನೆರಡನೆಯ ಶತಮಾನದ ವಚನಕ್ಕೆ ಇಂದು ಯಾರೂ ಒಡೆಯರಲ್ಲ. ಆದರೆ ಅದಕ್ಕೆ ರಾಗ ಕೂಡಿಸಿದವರು, ಹಾಡಿದವರು, ತಬಲಾ ನುಡಿಸಿದವರು, ಸ್ಟುಡಿಯೊಗೆ ಹಣ ಹೂಡಿದವರು ನಮ್ಮ ಕಾಲದವರು. ಅದು ಅವರ ಕಾಯಕ. ಕಾಯಕ, ದಾಸೋಹ ಎಂದು ವೇದಿಕೆಯಲ್ಲಿ ಗಂಟೆಗಟ್ಟಲೆ ಮಾತನಾಡುವ ನಾವು ಇನ್ನೊಬ್ಬರ ದುಡಿಮೆಯನ್ನು ಕೇಳದೆ ಎತ್ತಿಕೊಂಡು ಹಂಚಿದರೆ ಅದನ್ನು ದಾಸೋಹ ಎನ್ನಲು ನನ್ನ ಬಾಯಿ ಬಾರದು.

1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಲೇಖಕರ ಬರಹದ ಹಕ್ಕು ಅವರ ಜೀವಿತಾವಧಿ ಮತ್ತು ಅನಂತರದ 60 ವರ್ಷ. ವಚನಗಳನ್ನು ಅಚ್ಚು ಮಾಡಲು ಮನೆಯನ್ನೇ ಮಾರಿದ ಫ.ಗು. ಹಳಕಟ್ಟಿಯವರು ಲಿಂಗೈಕ್ಯರಾದದ್ದು 1964ರಲ್ಲಿ. ಅವರು ಬದುಕಿದ್ದಾಗ ಪ್ರಕಟಿಸಿದ ಬರಹಗಳು ಮುಕ್ತವಾದದ್ದು 2025ರ ಜನವರಿ 1ರಂದು. ಅದಕ್ಕೆ ಎಷ್ಟೋ ಮೊದಲೇ ನಮ್ಮ ಸ್ಮರಣ ಸಂಚಿಕೆಗಳು ಅವರ ಟಿಪ್ಪಣಿಗಳನ್ನು ಪುಟಗಟ್ಟಲೆ ಎತ್ತಿಕೊಂಡಿದ್ದವು, ಹಲವು ಸಲ ಹೆಸರನ್ನೂ ಹಾಕದೆ.

"ನಾವು ಲಾಭಕ್ಕೆ ಮಾಡಿಲ್ಲವಲ್ಲ ಸಾರ್" ಎಂಬುದು ಹುಡುಗರ ಮುಂದಿನ ಮಾತು. ಇಲ್ಲಿ ಕಾನೂನು ನಾವಂದುಕೊಂಡಷ್ಟು ಕಠೋರವಲ್ಲ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥವಾಗಿ ಹಾಡಿದರೆ 52ನೇ ಕಲಂ ವಿನಾಯಿತಿ ಕೊಡುತ್ತದೆ. ನಿಜವಾದ ಧಾರ್ಮಿಕ ವಿಧಿಯಲ್ಲಿ ಮುದ್ರಿತ ಹಾಡು ಕೇಳಿಸಿದರೂ ತಪ್ಪಲ್ಲ. ಆದರೆ ಅದೇ ಹಾಡನ್ನು ನಕಲು ಮಾಡಿ ವಿಡಿಯೊಗೆ ಅಂಟಿಸಿ ಲೋಕಕ್ಕೆಲ್ಲ ಹರಿಬಿಡಲು ಆ ರಿಯಾಯಿತಿ ಇಲ್ಲ. ತಿಳಿದೂ ಉಲ್ಲಂಘಿಸಿದರೆ 63ನೇ ಕಲಂ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಲಾಭದ ಉದ್ದೇಶವಿರಲಿಲ್ಲ ಎಂದಾದರೆ ನ್ಯಾಯಾಲಯ ಶಿಕ್ಷೆ ಇಳಿಸಬಹುದು, ಅಷ್ಟೆ. ಇದು ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿದೆ.

ಅದೇ ವರ್ಷದ ನವೆಂಬರಿನಲ್ಲಿ ಪೀಣ್ಯದ ಪಕ್ಕದ ಯಶವಂತಪುರ ಠಾಣೆಯಲ್ಲಿ ಪ್ರಕರಣವೊಂದು ದಾಖಲಾಯಿತು. ಭಾರತ್ ಜೋಡೊ ಯಾತ್ರೆಯ ವಿಡಿಯೊದಲ್ಲಿ 'ಕೆಜಿಎಫ್ 2' ಹಾಡನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಎಂ.ಆರ್.ಟಿ. ಮ್ಯೂಸಿಕ್ ಕಂಪನಿ ದೂರಿತ್ತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಆದೇಶಿಸಿತು. ಮರುದಿನ ಹೈಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು, ಆಕ್ಷೇಪಿತ ವಿಡಿಯೊ ತೆಗೆಯಬೇಕೆಂಬ ಷರತ್ತಿನೊಂದಿಗೆ. ದೊಡ್ಡ ಪಕ್ಷಕ್ಕೆ ವಕೀಲರ ದಂಡೇ ಇರುತ್ತದೆ. ನಮ್ಮ ಬಳಗದ ಖಜಾಂಚಿ ಮೂರು ಲೇತ್ ಇಟ್ಟುಕೊಂಡ ಮನುಷ್ಯ.

ಅಂದಹಾಗೆ, ಅವರ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಹಾಕುವ ಸಾಫ್ಟ್‌ವೇರೂ ಕಳ್ಳ ಪ್ರತಿಯೇ. ಅದಕ್ಕೆ 63ಬಿ ಎಂಬ ಬೇರೆ ಕಲಮೇ ಇದೆ ಎಂದಾಗ ಅವರ ಮುಖ ಸಣ್ಣದಾಯಿತು. ಫ್ರೀಕ್ಯಾಡ್ ಎಂಬುದು ಉಚಿತವಾಗಿಯೇ ಸಿಗುತ್ತದೆ, ಹಾಕಿಕೊಟ್ಟಿದ್ದೇನೆ, ಕಲಿಯುತ್ತಿದ್ದಾರೆ.

ವಿಡಿಯೊ ತೆಗೆದು, ತಪ್ಪೊಪ್ಪಿ ಪತ್ರ ಬರೆದು, ಒಪ್ಪಿದಷ್ಟು ಹಣ ಕಟ್ಟಿದೆವು. ಈ ಬಾರಿ ದಾಸರಹಳ್ಳಿಯ ನಮ್ಮ ಹೆಣ್ಣುಮಗಳೊಬ್ಬಳು ತಾನೇ ರಾಗ ಹಾಕಿ ಹಾಡಲಿದ್ದಾಳೆ.

ನಮ್ಮ ಪತ್ರಿಕೆಯೂ ತಪ್ಪಿತಸ್ಥ. ಕಳೆದ ಶ್ರಾವಣದ ಸಂಚಿಕೆಯ ಮುಖಪುಟಕ್ಕೆ ಹಾಕಿದ ಅಕ್ಕನ ಚಿತ್ರ ವಾಟ್ಸ್‌ಆ್ಯಪಿನಲ್ಲಿ ಬಂದದ್ದು. ಬರೆದವರಾರೆಂದು ನಾನು ವಿಚಾರಿಸಲೇ ಇಲ್ಲ. ಆ ಕಲಾವಿದರನ್ನು ಬಲ್ಲವರು ದಯವಿಟ್ಟು ಕಚೇರಿಗೆ ತಿಳಿಸಬೇಕು. ಅವರಿಗೆ ಸಲ್ಲಬೇಕಾದ ಸಂಭಾವನೆಯನ್ನು ಎತ್ತಿಟ್ಟಿದ್ದೇವೆ.