ವಿಮಾನವಿದ್ಯೆಯೂ ಕಲಾ ವಿದ್ಯಾರ್ಥಿಯೂ

ಹಂಪಿ ಉತ್ಸವದ ಕಾಲದಲ್ಲಿ 'ಹಂಪಿ ಬೈ ಸ್ಕೈ' ಎಂಬ ಹೆಸರಿನಿಂದ ಹೆಲಿಕಾಪ್ಟರ್ ಹಾರಾಟ ಏರ್ಪಡಿಸುವುದುಂಟು. ಹಣ ತೆತ್ತವರು ಕೆಲವು ನಿಮಿಷ ಮೇಲೇರಿ ವಿರೂಪಾಕ್ಷನ ಗೋಪುರವನ್ನೂ ತುಂಗಭದ್ರೆಯ ತಿರುವನ್ನೂ ಕಂಡು ಇಳಿಯುತ್ತಾರೆ. ಹಣವಿಲ್ಲದವರು ಕೆಳಗೆ ನಿಂತು ಹೆಲಿಕಾಪ್ಟರನ್ನೇ ನೋಡುತ್ತಾರೆ. ವಿಮಾನದೊಡನೆ ನಮ್ಮ ಸಂಬಂಧ ಈ ಎರಡರಲ್ಲಿ ಒಂದು: ಹಣ ಕೊಟ್ಟು ಕೂರುವುದು, ಇಲ್ಲವೆ ಕತ್ತೆತ್ತಿ ನೋಡುವುದು. ಅದನ್ನು ನಡೆಸುವುದು ಎಂಬ ಮೂರನೆಯ ಮಾರ್ಗವೊಂದುಂಟೆಂದು ನಮಗೆ ತೋಚುವುದೇ ಇಲ್ಲ. ತೋಚಿದರೂ, "ಅದು ಶ್ರೀಮಂತರ ಶೋಕಿ, ಇಲ್ಲವೆ ವಿಜ್ಞಾನ ಓದಿದವರ ಉದ್ಯೋಗ, ಬಿ.ಎ. ಓದುವವನಿಗೆ ಅದರ ಗೊಡವೆ ಏಕೆ?" ಎಂದು ತಳ್ಳಿಹಾಕುತ್ತೇವೆ. ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧ ಹೇಗೆ ತಪ್ಪೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದಾಗಿ, ವಿಮಾನವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಭಾರತದಲ್ಲಿ ಪರವಾನಗಿ ಪಡೆದ ಮೊದಲ ವಿಮಾನ ಚಾಲಕರು ಜೆ.ಆರ್.ಡಿ. ಟಾಟಾ. ಅವರು ಅದನ್ನು ಪಡೆದದ್ದು 1929ರ ಫೆಬ್ರವರಿ 10ರಂದು. 1932ರ ಅಕ್ಟೋಬರ್ 15ರಂದು ಅವರು 'ಪಸ್ ಮಾತ್' ಎಂಬ ಪುಟ್ಟ ವಿಮಾನದಲ್ಲಿ ಅಂಚೆ ಚೀಲಗಳನ್ನು ಹೇರಿಕೊಂಡು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಬಂದಿಳಿದರು. ಅಲ್ಲಿಂದ ಆ ಅಂಚೆಯನ್ನು ಮದ್ರಾಸಿಗೆ ಒಯ್ದವರು ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್. ಆ ದಾರಿಯ ನಡುವಣ ನಿಲ್ದಾಣ ಯಾವುದು? ನಮ್ಮ ಬಳ್ಳಾರಿ! ಭಾರತದ ನಾಗರಿಕ ವಿಮಾನಯಾನದ ಚರಿತ್ರೆಯ ಮೊದಲನೆಯ ಪುಟದಲ್ಲಿಯೇ ಬಳ್ಳಾರಿಯ ಹೆಸರಿದೆ. ಆ ವಿಮಾನಕ್ಕೆ ದಾರಿ ತೋರಲು ರೇಡಿಯೋ ಇರಲಿಲ್ಲ. ಕಣ್ಣಿಗೆ ಕಾಣುವ ನೆಲವನ್ನೂ ಕೈಯಲ್ಲಿರುವ ನಕ್ಷೆಯನ್ನೂ ದಿಕ್ಸೂಚಿಯನ್ನೂ ನಂಬಿ ಅವರು ಹಾರಿದರು. ಇಂದು ಸಂಡೂರಿನ ಸಮೀಪದ ತೋರಣಗಲ್ಲಿನಲ್ಲಿ ವಿದ್ಯಾನಗರ ವಿಮಾನ ನಿಲ್ದಾಣವಿದೆ. ಆದರೆ ಅದರ ಬೇಲಿಯಾಚೆಯ ಹಳ್ಳಿಗಳ ಹುಡುಗ ಹುಡುಗಿಯರಿಗೂ ಆ ಓಟದ ಹಾದಿಗೂ ಯಾವ ಸಂಬಂಧವೂ ಬೆಳೆದಿಲ್ಲ.

ಖಾಸಗಿ ವಿಮಾನ ಚಾಲಕನೆಂದರೆ ಯಾರು? ಸಂಬಳಕ್ಕಾಗಿ ಹಾರದವನು. ಹಣ ಪಡೆದು ಪ್ರಯಾಣಿಕರನ್ನು ಕೂರಿಸಿಕೊಳ್ಳುವ ಅಧಿಕಾರ ಅವನಿಗಿಲ್ಲ. ನಮ್ಮ ದೇಶದ ನಿಯಮದಂತೆ ಈ ಪರವಾನಗಿಗೆ 17 ವರ್ಷ ತುಂಬಿರಬೇಕು, 10ನೆಯ ತರಗತಿ ಮುಗಿದಿರಬೇಕು, ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ವಾಯುನಿಯಮ, ಪಥನಿರ್ಣಯ, ಹವಾಮಾನ ಮುಂತಾದವುಗಳಲ್ಲಿ ಪರೀಕ್ಷೆ ಕೊಡಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಸಿನಿಮಾಗಳಲ್ಲಿ ಕಾಣುವ ಕಪ್ಪು ಕನ್ನಡಕ, ಬೀಸುವ ಸ್ಕಾರ್ಫು ಇವೇ ಅವನ ಬಾಳೆಂದು ತಿಳಿಯಬಾರದು. ನಿಜವಾದ ಬಾಳು ಗುಮಾಸ್ತನ ಬಾಳಿನಷ್ಟೇ ಕಟ್ಟುನಿಟ್ಟಿನದು. ಬೆಳಗ್ಗೆ ಎದ್ದು ಹವಾಮಾನ ವರದಿ ಓದಬೇಕು. ಹಾರಾಟದ ಯೋಜನೆ ಬರೆದು ಅನುಮತಿ ಪಡೆಯಬೇಕು. ಇಂಧನದ ತೊಟ್ಟಿಯ ತಳದಿಂದ ಒಂದಿಷ್ಟನ್ನು ಗಾಜಿನ ಬಟ್ಟಲಿಗೆ ಬಿಟ್ಟು, ನೀರು ಬೆರೆತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಎಣ್ಣೆ, ಚಕ್ರ, ರೆಕ್ಕೆಯ ಕೀಲು, ಕೂರುವವರ ತೂಕ ಎಲ್ಲವನ್ನೂ ಪಟ್ಟಿ ಹಿಡಿದು ಪರಿಶೀಲಿಸಬೇಕು. ನಿನ್ನೆ ನೋಡಿದ್ದೆನಲ್ಲಾ ಎನ್ನುವಂತಿಲ್ಲ. ಇಳಿದ ಮೇಲೆ ಹಾರಿದ ಪ್ರತಿ ನಿಮಿಷವನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಎಷ್ಟೋ ದಿನ ಈ ಎಲ್ಲವನ್ನೂ ಮಾಡಿದ ಮೇಲೆ, ಆಕಾಶ ಸರಿಯಿಲ್ಲವೆಂದು ಹಾರದೆ ಮನೆಗೆ ಮರಳಬೇಕು. ಹಾಗೆ ಮರಳಲು ಬಲ್ಲವನೇ ಒಳ್ಳೆಯ ಚಾಲಕನೆಂದು ಅನುಭವಿಗಳ ಮತ.

ನಮ್ಮ ಸೀಮೆಯ ಮೇಲೆ ಶುಭ್ರವಾದ ದಿನದಲ್ಲಿ ಹಾರುವುದು ಕಷ್ಟವಲ್ಲ. ಹೊಸಪೇಟೆಯ ಬಳಿ ಜಲಾಶಯದ ವಿಸ್ತಾರ, ಉತ್ತರಕ್ಕೆ ಕಂಪ್ಲಿಯ ಹಸಿರು ಗದ್ದೆಗಳು, ದಕ್ಷಿಣಕ್ಕೆ ಸಂಡೂರಿನ ಕೆಂಪು ಬೆಟ್ಟಗಳು, ನಡುವೆ ಹಂಪಿಯ ಬಂಡೆಗಳು: ನೆಲವೇ ನಕ್ಷೆಯಂತಿದೆ. ಆದರೆ ಮಳೆಗಾಲದಲ್ಲಿ ಮೋಡ ತಗ್ಗಿಗಿಳಿದರೆ ಮಾತು ಬೇರೆ. ಹೊಸಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 1,570 ಅಡಿ ಎತ್ತರದಲ್ಲಿ. ಸಂಡೂರು ಸಾಲಿನ ರಾಮನದುರ್ಗದ ಎತ್ತರ 3,000 ಅಡಿಗೂ ಮೇಲೆ. ಊರಿನ ಮೇಲೆ ಸಾವಿರ ಅಡಿಯಲ್ಲಿ ಮೋಡ ಕವಿದರೆ ಊರಿನವರಿಗೆ ಅದು ತಂಪಾದ ದಿನ. ಬೆಟ್ಟದ ನೆತ್ತಿಯಾದರೋ ಆ ಮೋಡದೊಳಗೆ ಅಡಗಿರುತ್ತದೆ.

ಮೋಡದೊಳಗೆ ಹೊಕ್ಕವನಿಗೆ ಬೆಟ್ಟಕ್ಕಿಂತ ಮೊದಲು ಎದುರಾಗುವ ಶತ್ರು ಅವನ ಶರೀರವೇ. ನಮ್ಮ ಒಳಗಿವಿಯಲ್ಲಿ ಅರ್ಧವೃತ್ತಾಕಾರದ ಮೂರು ನಾಳಗಳಿದ್ದು ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ಈ ದ್ರವ ಹಿಂದುಳಿಯುವುದರಿಂದ ತಿರುಗಿದ ಅರಿವು ನಮಗುಂಟಾಗುತ್ತದೆ. ಆದರೆ ವಿಮಾನ ಒಂದೇ ಸಮನಾಗಿ ಕೆಲವು ಕ್ಷಣ ತಿರುಗುತ್ತಲೇ ಇದ್ದರೆ ದ್ರವವೂ ಅದೇ ವೇಗಕ್ಕೆ ಬಂದುಬಿಡುತ್ತದೆ. ಆಗ ತಿರುಗುತ್ತಿದ್ದರೂ ನೇರವಾಗಿ ಹೋಗುತ್ತಿರುವಂತೆ ಭಾಸವಾಗುತ್ತದೆ. ವಿಮಾನವನ್ನು ನೆಟ್ಟಗೆ ಮಾಡಿದರೆ ವಿರುದ್ಧ ದಿಕ್ಕಿಗೆ ವಾಲಿದಂತೆ ತೋರುತ್ತದೆ. ಕಣ್ಣಿಗೆ ದಿಗಂತ ಕಾಣುವಾಗ ಈ ಭ್ರಮೆ ಬಾಧಿಸದು. ದಿಗಂತ ಮರೆಯಾದರೆ ಮನುಷ್ಯ ತನ್ನ ಭ್ರಮೆಯನ್ನೇ ಸತ್ಯವೆಂದು ನಂಬಿ, ಸರಿಯಿದ್ದುದನ್ನು 'ಸರಿಪಡಿಸಲು' ಹೋಗಿ, ಸುರುಳಿಯಾಗಿ ಕೆಳಗಿಳಿಯುತ್ತಾನೆ.

ಇದು ಬರಿಯ ಊಹೆಯಲ್ಲ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ, ಉಪಕರಣ ನೋಡಿ ಹಾರುವ ಶಿಕ್ಷಣವಿಲ್ಲದ 20 ಮಂದಿ ಚಾಲಕರನ್ನು ಹೊರಗಿನ ನೋಟ ಮರೆಮಾಡಿ ಹಾರಿಸಿ ಪರೀಕ್ಷಿಸಿದರು. ಪಕ್ಕದಲ್ಲಿ ಶಿಕ್ಷಕರಿದ್ದುದರಿಂದ ಪ್ರಾಣಾಪಾಯವಾಗಲಿಲ್ಲ. ಆದರೆ ಇಪ್ಪತ್ತು ಮಂದಿಯೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಕಾಲ ಸರಾಸರಿ 178 ಸೆಕೆಂಡು, ಅಂದರೆ ಮೂರು ನಿಮಿಷವೂ ಅಲ್ಲ. ಅದೇ ಚಾಲಕರಿಗೆ ಕೆಲವು ಗಂಟೆಗಳ ಶಿಕ್ಷಣ ಕೊಟ್ಟ ಮೇಲೆ ಅವರು ಉಪಕರಣಗಳನ್ನು ನೋಡಿ ಹಿಂದಿರುಗಿ ಬರುವುದನ್ನು ಕಲಿತರೆಂಬುದು ಈ ಪ್ರಯೋಗದ ಸಂತೋಷದ ಭಾಗ. 1999ರ ಜುಲೈ 16ರಂದು ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ತಾವೇ ನಡೆಸುತ್ತಿದ್ದ ವಿಮಾನ ರಾತ್ರಿಯ ಮಬ್ಬಿನಲ್ಲಿ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಅವರಿಗೆ ಖಾಸಗಿ ಪರವಾನಗಿ ಇತ್ತು. ಉಪಕರಣ ಹಾರಾಟದ ಅರ್ಹತೆ ಇರಲಿಲ್ಲ. ಹಣವಾಗಲಿ ಮನೆತನವಾಗಲಿ ಮೋಡದೊಳಗೆ ನೆರವಿಗೆ ಬಾರದು.

ಉಪಕರಣಗಳನ್ನು ಮಾತ್ರ ನೋಡಿ ಏರಿ, ಹಾರಿ, ಇಳಿಯಲು ಸಾಧ್ಯವೆಂದು ಮೊಟ್ಟಮೊದಲು ಸಿದ್ಧಪಡಿಸಿದವರು ಜೇಮ್ಸ್ ಡೂಲಿಟಲ್. 1929ರ ಸೆಪ್ಟೆಂಬರ್ 24ರಂದು ಅವರು ಹೊರಗೇನೂ ಕಾಣದಂತೆ ಮುಚ್ಚಿದ ಆಸನದಲ್ಲಿ ಕುಳಿತು ಇದನ್ನು ಮಾಡಿ ತೋರಿಸಿದರು. ಈಗ ಇದಕ್ಕೆ ಪ್ರತ್ಯೇಕ ಅರ್ಹತಾಪತ್ರವಿದೆ. ನಮ್ಮಲ್ಲಿ ಅದಕ್ಕೆ 40 ಗಂಟೆಗಳ ಉಪಕರಣ ಹಾರಾಟ ಬೇಕು. ಅದರಲ್ಲಿ 20 ಗಂಟೆಯವರೆಗೆ ನೆಲದ ಮೇಲಿನ ಅನುಕರಣ ಯಂತ್ರದಲ್ಲಿ ಮಾಡಬಹುದು. ಅಲ್ಲಿ ಕಲಿಸುವ ಮುಖ್ಯಪಾಠ ಯಂತ್ರಭಕ್ತಿಯಲ್ಲ. ವೇಗ, ಎತ್ತರ, ದಿಕ್ಕು, ವಾಲು, ತಿರುವು, ಏರಿಳಿತ ಇವನ್ನು ತೋರುವ ಆರು ಮುಖಗಳನ್ನು ಒಂದಾದ ಮೇಲೊಂದರಂತೆ ನೋಡಿ, ಒಂದರ ಮಾತನ್ನು ಇನ್ನೊಂದರಿಂದ ಪರೀಕ್ಷಿಸುವುದು. ಒಂದು ಸುಳ್ಳು ಹೇಳಿದರೆ ಉಳಿದವು ಅದನ್ನು ಹೊರಗೆಡವುತ್ತವೆ. ಎತ್ತರ ತೋರುವ ಮಾಪಕವಂತೂ ಅಳೆಯುವುದು ಗಾಳಿಯ ಒತ್ತಡವನ್ನು. ಆ ದಿನದ ಒತ್ತಡಕ್ಕೆ ಸರಿಹೊಂದಿಸದಿದ್ದರೆ ಅದೂ ತಪ್ಪು ಹೇಳುತ್ತದೆ.

ಸಹಪಾಠಿಗಳೇ, ಇದು ಕಲಾ ವಿದ್ಯಾರ್ಥಿಗೆ ಸಂಬಂಧಿಸದ ಪಾಠವೇ? ಚರಿತ್ರೆಯ ತರಗತಿಯಲ್ಲಿ ನಾವು ಕಲಿಯುವುದೂ ಇದನ್ನೇ: ಒಂದು ಶಾಸನದ ಮಾತನ್ನು ಇನ್ನೊಂದರೊಡನೆ, ಪ್ರವಾಸಿಯ ಬರಹವನ್ನು ಹಂಪಿಯ ಕಲ್ಲಿನೊಡನೆ ಹೋಲಿಸಿ ನೋಡುವುದು, ನಮ್ಮ ಮನಸ್ಸಿಗೆ ಹಿತವಾದುದನ್ನೇ ನಿಜವೆಂದು ನಂಬದಿರುವುದು. ಕೈಯಲ್ಲಿರುವ ಫೋನಿನಿಂದ ಗಾಳಿಮಾತು ಕ್ಷಣಾರ್ಧದಲ್ಲಿ ಊರು ಸುತ್ತುವ ಈ ಕಾಲದಲ್ಲಿ "ನನಗೆ ಹಾಗನ್ನಿಸುತ್ತದೆ" ಎಂಬುದನ್ನೇ ಪ್ರಮಾಣವಾಗಿ ಹಿಡಿಯುವವರು ಬಹಳ. ತನ್ನ ಅನ್ನಿಸಿಕೆ ಸುಳ್ಳಾಗಿರಬಹುದೆಂದು ಮೈಯ ಮೂಲಕವೇ ಕಲಿಸುವ ವಿದ್ಯೆ ನನಗೆ ತಿಳಿದಂತೆ ಇದೊಂದೇ.

ಆಕ್ಷೇಪಣೆಗಳಿಲ್ಲದಿಲ್ಲ. ಖಾಸಗಿ ಪರವಾನಗಿಗೇ ಹಲವು ಲಕ್ಷ ರೂಪಾಯಿ ಬೇಕು. ಕಾಲೇಜಿಗೆ ಬರಲು ಸರಿಯಾದ ಬಸ್ಸಿಲ್ಲದ ಹಳ್ಳಿಗಳಿರುವಾಗ ವಿಮಾನದ ಮಾತು ಅತಿಯಾಯಿತೆಂದು ಯಾರಾದರೂ ಹೇಳಿದರೆ ಅವರ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಬಸ್ಸು ಮೊದಲು ಬರಲಿ. ಆದರೆ ಬಸ್ಸಿಲ್ಲವೆಂಬ ಕಾರಣದಿಂದ ಗ್ರಂಥಾಲಯ ಬೇಡವೆಂದು ನಾವು ಹೇಳುವುದಿಲ್ಲವಷ್ಟೆ. ಮೈಸೂರು ಸರ್ಕಾರ 1949ರಲ್ಲಿಯೇ ಜಕ್ಕೂರಿನಲ್ಲಿ ಸರ್ಕಾರಿ ವಿಮಾನ ತರಬೇತಿ ಶಾಲೆಯನ್ನು ತೆರೆಯಿತು. ಅಂದಿನ ಬಡತನದಲ್ಲಿ ಇದು ಅತಿಯೆಂದು ಹಿರಿಯರು ಸುಮ್ಮನಿರಲಿಲ್ಲ. 2021ರಲ್ಲಿ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ತರಬೇತಿ ಶಾಲೆಗಳಿಗೆ ಅವಕಾಶ ಕೊಡಲಾಯಿತು. ಆ ಸಾಲಿನಲ್ಲಿ ನಮ್ಮ ಸೀಮೆಯ ಹೆಸರಿಲ್ಲ.

ವೃತ್ತಿಯಾಗಿ ಹಾರಲು ಬೇಕಾದ ವಾಣಿಜ್ಯ ಪರವಾನಗಿಗೆ 12ನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳಿರಬೇಕೆಂಬ ನಿಯಮ 1990ರ ದಶಕದಲ್ಲಿ ಬಂದುದು. ಅದಕ್ಕೆ ಮುಂಚೆ ಮೆಟ್ರಿಕ್ ಸಾಕಾಗಿತ್ತು. ಇದನ್ನು ಸಡಿಲಿಸುವ ಆಲೋಚನೆ 2025ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಸಡಿಲಿಸುವುದೇ ಸರಿಯೆಂದು ನನ್ನ ಅಭಿಪ್ರಾಯ. ಚಾಲಕನಿಗೆ ಬೇಕಾದ ಗಣಿತವನ್ನು ಆ ಪರವಾನಗಿಯ ಪರೀಕ್ಷೆಗಳೇ ಅಳೆಯುತ್ತವೆ. ಹದಿನಾರನೆಯ ವಯಸ್ಸಿನಲ್ಲಿ, ಊರಿನ ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿಲ್ಲದೆ ಕಲೆಯನ್ನು ಆರಿಸಿಕೊಂಡವರಿಗೆ ಬಾಗಿಲನ್ನು ಶಾಶ್ವತವಾಗಿ ಮುಚ್ಚುವುದು ನ್ಯಾಯವಲ್ಲ.

ದೊಡ್ಡ ಯೋಜನೆಗಳು ಬರುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾದ ಅಗತ್ಯವಿಲ್ಲ. ಎನ್.ಸಿ.ಸಿ.ಯಲ್ಲಿ ವಾಯುದಳದ ವಿಭಾಗವಿದ್ದು, ಅದರ ಕೆಡೆಟ್ಟುಗಳಿಗೆ ಮೈಕ್ರೋಲೈಟ್ ವಿಮಾನಗಳಲ್ಲಿ ಹಾರುವ ಅನುಭವ ದೊರೆಯುತ್ತದೆ. ಅಂಥದೊಂದು ಘಟಕ ಹೊಸಪೇಟೆಯ ಸುತ್ತಣ ಸರ್ಕಾರಿ ಕಾಲೇಜುಗಳಿಗೆ ಬರಲಿ. ವರ್ಷಕ್ಕೊಮ್ಮೆಯಾದರೂ ವಿದ್ಯಾರ್ಥಿಗಳನ್ನು ತೋರಣಗಲ್ಲಿನ ನಿಲ್ದಾಣಕ್ಕೆ ಕರೆದೊಯ್ದು ಅಲ್ಲಿಯ ಕೆಲಸವನ್ನು ತೋರಿಸುವ ಏರ್ಪಾಡಾಗಲಿ. ನಮ್ಮ ಗ್ರಂಥಾಲಯಕ್ಕೆ ಹವಾಮಾನವನ್ನೂ ಪಥನಿರ್ಣಯವನ್ನೂ ಕುರಿತ ನಾಲ್ಕು ಪುಸ್ತಕಗಳು ಸೇರಲಿ. ಇವು ಯಾವುವೂ ಲಕ್ಷಗಳನ್ನು ಬೇಡುವುದಿಲ್ಲ. ಪ್ರಾಂಶುಪಾಲರೂ ಅಧ್ಯಾಪಕ ಮಹನೀಯರೂ ಮನಸ್ಸು ಮಾಡಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಇದೇ ವಿಷಯವನ್ನು, ಒಮ್ಮೆಯಾದರೂ ಹಾರಿ ಬಂದ ವಿದ್ಯಾರ್ಥಿನಿಯೊಬ್ಬಳೇ ಬರೆಯಬಹುದು.