ನಂಬರು ಯಾರ ಹೆಸರಿನಲ್ಲಿದೆ?

ಪಶ್ಚಿಮ ಉಪನಗರದಲ್ಲಿ ಕೇಟರಿಂಗ್ ವ್ಯವಹಾರ ನಡೆಸುವ ನಮ್ಮವರೊಬ್ಬರು ಕಳೆದ ವರ್ಷ ದೀಪಾವಳಿಗೆ ಮುಂಚೆ ಬ್ಯಾಂಕಿಗೆ ಬಂದು ಕೌಂಟರಿನೆದುರು ಸುಮ್ಮನೆ ನಿಂತರು. ‘ಏನು ಧಣಿ, ಪಾಸ್‌ಬುಕ್ ಎಂಟ್ರಿಯಾ?’ ಎಂದು ಕೇಳಿದ್ದಕ್ಕೆ, ‘ಪಾಸ್‌ಬುಕ್ಕಲ್ಲ ಮಾರಾಯ್ರೆ, ನನ್ನ ನಂಬರೇ ಹೋಯಿತು’ ಎಂದರು.

ಇಪ್ಪತ್ತು ವರ್ಷಗಳಿಂದ ಅವರದು ಒಂದೇ ಮೊಬೈಲ್ ನಂಬರು. ಮದುವೆ, ಸೀಮಂತ, ಸತ್ಯನಾರಾಯಣ ಪೂಜೆ, ಸಂಘದ ವಾರ್ಷಿಕೋತ್ಸವದ ಊಟ, ಎಲ್ಲದರ ಆರ್ಡರು ಬರುತ್ತಿದ್ದದ್ದು ಆ ನಂಬರಿಗೆ. ನಮ್ಮ ಸಂಘ-ಸಂಸ್ಥೆಗಳ ಎಷ್ಟೋ ಸ್ಮರಣ ಸಂಚಿಕೆಗಳ ಜಾಹೀರಾತಿನಲ್ಲಿ ಅದು ಅಚ್ಚಾಗಿದೆ. ಆದರೆ ಅದು ಅವರ ಹೆಸರಿನಲ್ಲಿ ಇರಲಿಲ್ಲ. ಹಿಂದೆ ಟ್ರಾನ್ಸ್‌ಪೋರ್ಟ್ ಕಂಪನಿ ನಡೆಸುತ್ತಿದ್ದ ಸ್ನೇಹಿತರೊಬ್ಬರು ತಮ್ಮ ಕಂಪನಿಯ ಕಾರ್ಪೊರೇಟ್ ಪ್ಲಾನಿನಲ್ಲಿ ಇವರಿಗೂ ಒಂದು ಸಿಮ್ ಕೊಡಿಸಿದ್ದರು. ಬಾಡಿಗೆ ಕಡಿಮೆ, ಡಿಪಾಸಿಟ್ ಇಲ್ಲ. ತಿಂಗಳು ತಿಂಗಳು ತಮ್ಮ ಪಾಲಿನ ಹಣವನ್ನು ಸ್ನೇಹಿತರ ಕೈಗೆ ಕೊಟ್ಟರೆ ಮುಗಿಯಿತು. ಆ ಕಾಲದಲ್ಲಿ ಮುಂಬಯಿಯಲ್ಲಿ ಹೀಗೆ ಸಿಮ್ ಪಡೆದವರು ಅವರೊಬ್ಬರೇ ಅಲ್ಲ. ಇದನ್ನು ಓದುತ್ತಿರುವವರಲ್ಲೂ ಕೆಲವರು ಇರಬಹುದು.

ಅಡುಗೆ ಗೋದಾಮಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲವೆಂದು ಬೇರೆ ಕಂಪನಿಗೆ ನಂಬರು ಬದಲಾಯಿಸಲು ಹೋದಾಗ ಹೊಸ ಕಂಪನಿಯ ಅಂಗಡಿಯವರು, ‘ಇದು ಕಂಪನಿಯ ನಂಬರು, ಅಧಿಕಾರ ಪತ್ರ ತನ್ನಿ’ ಎಂದರು. ಸ್ನೇಹಿತರು ವ್ಯವಹಾರವನ್ನು ಮಗನಿಗೆ ಬಿಟ್ಟು ಊರು ಸೇರಿದ್ದರು. ಮಗ ‘ಮುಂದಿನ ವಾರ ಕೊಡುತ್ತೇನೆ ಅಂಕಲ್’ ಎನ್ನುತ್ತ ಮೂರು ತಿಂಗಳು ದೂಡಿದ. ಅಷ್ಟರಲ್ಲಿ ಆ ಕಂಪನಿಯೇ ಮುಚ್ಚಿತು. ಬಿಲ್ಲು ಕಟ್ಟುವವರಿಲ್ಲದೆ ಎಲ್ಲ ನಂಬರುಗಳೂ ಕಟ್ಟಾದವು.

ಕಂಪನಿ ಬದಲಾಯಿಸಿದರೂ ನಂಬರು ಉಳಿಸಿಕೊಳ್ಳುವ ಸೌಲಭ್ಯ ನಮ್ಮ ದೇಶದಲ್ಲಿ 2010ರ ನವೆಂಬರಿನಲ್ಲಿ ಹರಿಯಾಣದಿಂದ ಆರಂಭವಾಗಿ, 2011ರ ಜನವರಿ 20ರಂದು ಎಲ್ಲೆಡೆ ಜಾರಿಗೆ ಬಂತು. ಅದಕ್ಕೆ ಮುಂಚೆ ಕಂಪನಿ ಬಿಟ್ಟರೆ ನಂಬರೂ ಬಿಟ್ಟ ಹಾಗೆಯೇ. ಮುಂಬಯಿಯ ನಮ್ಮ ಹೊಟೇಲಿಗರಿಗೆ 9820, 9821ರಿಂದ ಆರಂಭವಾಗುವ ನಂಬರು ಎಂದರೆ ಒಂದು ಪ್ರತಿಷ್ಠೆ. ಮೊಬೈಲು ಹೊಸದಾಗಿ ಬಂದ ದಿನಗಳಿಂದ ದಂಧೆಯಲ್ಲಿದ್ದೇವೆ ಎಂಬುದಕ್ಕೆ ಅದೇ ಸಾಕ್ಷಿ. 9821ರ ನಂಬರುಗಳನ್ನು ಕೊಟ್ಟಿದ್ದ ಬಿಪಿಎಲ್ ಮೊಬೈಲ್ ಮುಂದೆ ಲೂಪ್ ಆಯಿತು. 2014ರ ನವೆಂಬರಿನಲ್ಲಿ ಲೈಸೆನ್ಸ್ ಅವಧಿ ಮುಗಿದು ಲೂಪ್ ತನ್ನ ಸೇವೆಯನ್ನೇ ನಿಲ್ಲಿಸಿದಾಗ ಊರೆಲ್ಲ ಗಾಬರಿ. ಆಗ ಬೇರೆ ಕಂಪನಿಗಳ ಅಂಗಡಿಗಳ ಮುಂದೆ ಕ್ಯೂ ನಿಂತವರ ನಂಬರು ಇಂದಿಗೂ ಉಳಿದಿದೆ. ಈ ಸೌಲಭ್ಯ ಇಲ್ಲದೇ ಹೋಗಿದ್ದರೆ ಎಷ್ಟು ಅಂಗಡಿಗಳ ಬೋರ್ಡು ಹೊಸದಾಗಿ ಬರೆಸಬೇಕಾಗುತ್ತಿತ್ತೋ!

ಮುಂಬಯಿಗೆ ಒಂದು ಟೆಲಿಕಾಂ ವೃತ್ತ, ಪುಣೆ ಮೊದಲಾದ ಉಳಿದ ಮಹಾರಾಷ್ಟ್ರಕ್ಕೆ ಇನ್ನೊಂದು. ಮೊದಲು ಒಂದೇ ವೃತ್ತದೊಳಗೆ ಮಾತ್ರ ನಂಬರು ಒಯ್ಯಬಹುದಿತ್ತು. 2015ರ ಜುಲೈ 3ರಿಂದ ದೇಶದ ಎಲ್ಲಿಗಾದರೂ ಒಯ್ಯಬಹುದು. ಮುಂಬಯಿಯ ಹೊಟೇಲು ಮಾರಿ ಪುಣೆಯಲ್ಲಿ ಶುರು ಮಾಡಿದವರಿಗೂ, ಎಲ್ಲ ಸಾಕೆಂದು ಉಡುಪಿ ಕಡೆಗೆ ಹೊರಟವರಿಗೂ ಇದು ಅನುಕೂಲವೇ.

ವಿಧಾನ ದೊಡ್ಡದೇನಲ್ಲ. ನಂಬರು ಇರುವ ಫೋನಿನಿಂದಲೇ ಇಂಗ್ಲಿಷ್ ಅಕ್ಷರಗಳಲ್ಲಿ ‘ಪೋರ್ಟ್’ ಎಂದು ಬರೆದು, ಜಾಗ ಬಿಟ್ಟು ಹತ್ತು ಅಂಕಿಯ ನಂಬರು ಬರೆದು 1900ಕ್ಕೆ ಸಂದೇಶ ಕಳುಹಿಸಬೇಕು. ಎಂಟು ಅಕ್ಷರಗಳ ಒಂದು ಕೋಡ್ ಬರುತ್ತದೆ. ಮುಂಬಯಿಯಲ್ಲಿ ಅದಕ್ಕೆ ನಾಲ್ಕು ದಿನಗಳ ಆಯುಷ್ಯ. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಗುರುತಿನ ದಾಖಲೆಯೊಂದಿಗೆ ಹೋಗಬೇಕು. 2019ರ ಡಿಸೆಂಬರಿನಿಂದ ಜಾರಿಯಾದ ನಿಯಮದಂತೆ, ಅದೇ ವೃತ್ತದೊಳಗಾದರೆ ಮೂರು ಕೆಲಸದ ದಿನಗಳಲ್ಲಿ, ಬೇರೆ ವೃತ್ತಕ್ಕಾದರೆ ಐದು ದಿನಗಳಲ್ಲಿ ಕೆಲಸ ಮುಗಿಯಬೇಕು. ಕಂಪನಿಯ ಹೆಸರಿನ ನಂಬರುಗಳಿಗೂ ಐದು ದಿನ. ಅವಕ್ಕೆ ಕಂಪನಿಯ ಅಧಿಕೃತ ಸಹಿದಾರರ ಪತ್ರ ಬೇಕೇ ಬೇಕು. ಒಂದೇ ಪತ್ರದಲ್ಲಿ ನೂರು ನಂಬರುಗಳ ತನಕ ಬರೆಯಬಹುದು. ಅಂದರೆ ನಾಲ್ಕು ಶಾಖೆಗಳಿರುವ ಹೊಟೇಲಿನವರು ಮ್ಯಾನೇಜರು, ಕ್ಯಾಶಿಯರು, ಪಾರ್ಸೆಲ್ ಹುಡುಗರು, ಎಲ್ಲರ ನಂಬರನ್ನೂ ಒಂದೇ ಹಾಳೆಯಲ್ಲಿ ಬದಲಾಯಿಸಬಹುದು. ಆದರೆ ಸಹಿ ಹಾಕುವವರು ಬೇಕಲ್ಲ!

ಹಳೆಯ ಕಂಪನಿಯಲ್ಲಿ 90 ದಿನ ಆಗಿರದಿದ್ದರೆ, ಬಿಲ್ಲು ಬಾಕಿ ಇದ್ದರೆ, ನ್ಯಾಯಾಲಯದಲ್ಲಿ ತಕರಾರಿದ್ದರೆ ನಂಬರು ಬದಲಾಗುವುದಿಲ್ಲ. ಹೆಸರು ಬದಲಾವಣೆಯ ಅರ್ಜಿ ನಡುವೆ ಇದ್ದರೂ ಇಲ್ಲ. ಆದ್ದರಿಂದ ಸೋದರಮಾವನಿಂದ ಅಳಿಯನಿಗೆ ಹೊಟೇಲು ಬಂದಿದ್ದು, ನಂಬರು ಮಾತ್ರ ಮಾವನ ಹೆಸರಿನಲ್ಲೇ ಉಳಿದಿದ್ದರೆ, ಹಳೆಯ ಕಂಪನಿಯಲ್ಲೇ ಮೊದಲು ಹೆಸರು ಬದಲಾಯಿಸಿ, ಅದು ಪೂರ್ತಿಯಾದ ಮೇಲೆ ಮುಂದಿನ ಮಾತು. ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ. ನಂಬರು ಹೊಸ ಕಂಪನಿಗೆ ಹೋದ ಮೇಲೂ ಹಳೆಯ ಕಂಪನಿಯ ಕೊನೆಯ ಬಿಲ್ಲು ಬರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕಿದರೆ ಹಳೆಯವರ ದೂರಿನ ಮೇಲೆ ಹೊಸ ಕಂಪನಿಯಲ್ಲೇ ನಂಬರು ಬಂದ್ ಆಗಬಹುದು. ಪ್ರಿಪೇಯ್ಡ್ ಆದರೆ ಉಳಿದ ಬ್ಯಾಲೆನ್ಸ್ ಜೊತೆಗೆ ಬರುವುದಿಲ್ಲ. ಬದಲಾವಣೆಯ ಹೊತ್ತಿನಲ್ಲಿ ಫೋನು ಕೆಲವು ಗಂಟೆ ಮೂಕವಾಗುವುದರಿಂದ ದೊಡ್ಡ ಮದುವೆಯ ವಾರದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಲೇಸು.

ಲ್ಯಾಂಡ್‌ಲೈನಿಗೆ ಈ ಸೌಲಭ್ಯವೇ ಇಲ್ಲ. ಗಲ್ಲಾದ ಪಕ್ಕದ ಹಳೆಯ ಎಂಟಂಕಿಯ ಫೋನು ಬಿಟ್ಟು ಇನ್ನೊಂದು ಕಂಪನಿಯ ಲೈನು ಹಾಕಿಸಿದರೆ ನಂಬರು ಹೊಸದೇ. ಪಾರ್ಸೆಲ್ ಆರ್ಡರು ಇನ್ನೂ ಆ ಫೋನಿಗೇ ಬರುತ್ತಿದ್ದರೆ ಅದನ್ನು ಕಡಿಸುವ ಮುಂಚೆ ಎರಡು ಸಲ ಯೋಚಿಸಬೇಕು.

ಇನ್ನು ಬ್ಯಾಂಕಿನವನಾಗಿ ಒಂದು ಮಾತು. ವ್ಯಾಪಾರಿಗೆ ನಂಬರು ಹೋದರೆ ಗಿರಾಕಿ ಹೋದ ಎಂದಷ್ಟೇ ತಿಳಿಯುತ್ತಾರೆ. ಅದೇ ನಂಬರಿಗೆ ಖಾತೆಯ ಒಟಿಪಿ, ಜಿಎಸ್‌ಟಿಯ ಒಟಿಪಿ, ಯುಪಿಐ ಎಲ್ಲ ಜೋಡಿಸಿರುತ್ತದೆ. ಕೇಟರಿಂಗಿನವರು ಅಂದು ಕೌಂಟರಿಗೆ ಬಂದದ್ದು ಅದಕ್ಕೇ. ತರಕಾರಿ ಮಂಡಿಯವರಿಗೆ ಹಣ ಕಳುಹಿಸಲು ಆಗುತ್ತಿರಲಿಲ್ಲ. ಸ್ವಂತ ಮಾಲೀಕತ್ವದ ಖಾತೆಯಾದ್ದರಿಂದ ಅರ್ಜಿ, ಗುರುತಿನ ಚೀಟಿ ಪಡೆದು ಹೊಸ ನಂಬರು ಸೇರಿಸಿದೆವು. ಪಾಲುದಾರಿಕೆಯದ್ದಾಗಿದ್ದರೆ ಪಾಲುದಾರರ ಪತ್ರ, ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಮಂಡಳಿಯ ಠರಾವು ಎಂದು ನಾವೂ ಕೇಳುತ್ತಿದ್ದೆವು, ಅವರೂ ಬೈಯುತ್ತಿದ್ದರು. ಕಟ್ಟಾದ ನಂಬರನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದೆಂದು ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಅಷ್ಟರೊಳಗೆ ಬ್ಯಾಂಕಿನಲ್ಲಿ ಹಳೆಯ ನಂಬರು ತೆಗೆಸದಿದ್ದರೆ ನಿಮ್ಮ ಖಾತೆಯ ಸಂದೇಶ ಓದುವವರು ಬೇರೆ ಯಾರೋ.

1900ರಿಂದ ಬಂದ ಕೋಡನ್ನು ಫೋನಿನಲ್ಲಿ ಕೇಳುವವರಿಗೆ ಕೊಡಲೇಬಾರದು. ಸಿಮ್ ಬದಲಾಯಿಸಿಕೊಂಡು ತಕ್ಷಣ ನಂಬರನ್ನು ಹಾರಿಸುವ ಮೋಸ ಹೆಚ್ಚಿದ್ದರಿಂದಲೇ, ಹೊಸ ಸಿಮ್ ಪಡೆದ ಏಳು ದಿನಗಳೊಳಗೆ ಆ ಕೋಡ್ ಕೊಡಬಾರದೆಂಬ ನಿಯಮ 2024ರ ಜುಲೈ 1ರಿಂದ ಬಂದಿದೆ.

ನಮ್ಮ ಸಂಘಗಳು ಆರೋಗ್ಯ ತಪಾಸಣೆ ಶಿಬಿರ, ಆಧಾರ್ ಶಿಬಿರ ನಡೆಸುತ್ತವೆ. ಅಲ್ಲಿಯೇ ಒಂದು ಮೇಜು ಹಾಕಿ, ವ್ಯವಹಾರದ ನಂಬರು ಯಾರ ಹೆಸರಿನಲ್ಲಿದೆಯೆಂದು ಸದಸ್ಯರಿಗೆ ನೋಡಿಕೊಡಬಹುದು. ಕೇಂದ್ರ ಸರಕಾರದ ಸಂಚಾರ ಸಾಥಿ ತಾಣದಲ್ಲಿ ತನ್ನ ಹೆಸರಿನಲ್ಲಿ ಎಷ್ಟು ನಂಬರುಗಳಿವೆಯೆಂದು ತಿಳಿಯಬಹುದು. ಕಂಪ್ಯೂಟರು ಬಲ್ಲ ಇಬ್ಬರು ಕಾಲೇಜು ಹುಡುಗರಿದ್ದರೆ ಸಾಕು. ಕಾರ್ಪೊರೇಟ್ ಪ್ಲಾನಿನಲ್ಲಿ ಇನ್ನೂ ಇರುವವರು, ಕಂಪನಿಯ ಮಾಲೀಕರು ಮುಂಬಯಿಯಲ್ಲಿ ಇರುವಾಗಲೇ ನಂಬರನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿ. ಸ್ನೇಹಕ್ಕೆ ಇದರಿಂದ ಕುಂದೇನೂ ಇಲ್ಲ.

ಆ ಕೇಟರಿಂಗಿನವರು ಮೊನ್ನೆ ಮತ್ತೆ ಸಿಕ್ಕಿದರು. ಕುತೂಹಲಕ್ಕೆಂದು ತಮ್ಮ ಹಳೆಯ ನಂಬರಿಗೆ ತಾವೇ ಕರೆ ಮಾಡಿದ್ದರಂತೆ. ಡೊಂಬಿವಲಿಯ ಒಬ್ಬ ಮರಾಠಿ ಹುಡುಗ ಎತ್ತಿದ. ನಂಬರು ಸಿಕ್ಕಿದಾಗಿನಿಂದ ಇಡ್ಲಿ ಎಷ್ಟು, ಹೋಳಿಗೆ ಎಷ್ಟು ಎಂದು ದಿನವೂ ಯಾರಾದರೂ ಕೇಳುತ್ತಾರೆ ಕಾಕಾ ಎಂದನಂತೆ. ಇವರು ತಮ್ಮ ಹೊಸ ನಂಬರು ಕೊಟ್ಟು, ಕೇಳಿದವರಿಗೆ ಹೇಳಪ್ಪಾ ಎಂದರು. ಹುಡುಗ ಬರೆದುಕೊಂಡಿದ್ದಾನೆ. ಅವನ ಮೂಲಕ ಎರಡು ಆರ್ಡರು ಬಂದಿವೆಯಂತೆ.