ಮೂತ್ರಕೋಶದ ಆರೋಗ್ಯ: ಮಾಲೀಕರ ಹೊಣೆಯೂ ಹೌದು

ಹಬ್ಬದ ವ್ಯಾಪಾರದ ದಿನಗಳಲ್ಲಿ ಜವಳಿ ಅಂಗಡಿಯ ಮಾರಾಟಗಾರ್ತಿಯರು ಬೆಳಗಿನಿಂದ ರಾತ್ರಿಯವರೆಗೆ ಗ್ರಾಹಕರ ಮುಂದೆ ಸೀರೆ ಬಿಡಿಸುತ್ತ ನಿಂತಿರುತ್ತಾರೆ. ಅವರಲ್ಲಿ ಅನೇಕರು ನೀರನ್ನೇ ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲವೆಂದಲ್ಲ, ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ. ಎಷ್ಟೋ ಅಂಗಡಿಗಳಲ್ಲಿ ಶೌಚಾಲಯವೇ ಇಲ್ಲ. ಇದ್ದಲ್ಲಿಯೂ ಅನುಮತಿ ಕೇಳಲು ಸಂಕೋಚ. ಸಂಕೋಚದ ವಿಷಯವೆಂದು ಸುಮ್ಮನಿರುವ ಕಾಲ ಕಳೆದಿದೆ. ಮೂತ್ರಕೋಶದ ಆರೋಗ್ಯವು ವೈದ್ಯರಿಗಷ್ಟೇ ಅಲ್ಲ, ವ್ಯಾಪಾರ ನಡೆಸುವವರಿಗೂ ಸಂಬಂಧಿಸಿದ ವಿಷಯ.

ಮೂತ್ರಕೋಶವು ಹಿಗ್ಗುವ ಸ್ನಾಯುವಿನ ಚೀಲ. ಮೂತ್ರಪಿಂಡಗಳು ದಿನವೊಂದಕ್ಕೆ ಸುಮಾರು ಒಂದೂವರೆ ಲೀಟರ್ ಮೂತ್ರವನ್ನು ಸೋಸಿ ಇದಕ್ಕೆ ಕಳಿಸುತ್ತವೆ. ಸುಮಾರು 200 ಮಿಲಿಲೀಟರ್ ತುಂಬುವ ವೇಳೆಗೆ ಮೊದಲ ಸೂಚನೆ ದೊರೆಯುತ್ತದೆ. 400ರಿಂದ 500 ಮಿಲಿಲೀಟರ್ ತುಂಬಿದಾಗ ತಡೆಯುವುದು ಕಷ್ಟವಾಗುತ್ತದೆ. ದಿನಕ್ಕೆ ಆರರಿಂದ ಎಂಟು ಬಾರಿ ಮೂತ್ರವಿಸರ್ಜನೆ ಸಹಜ. ವಿಸರ್ಜನೆಯೊಂದಿಗೆ ರೋಗಾಣುಗಳೂ ಹೊರಹೋಗುತ್ತವೆ. ನೀರು ಕುಡಿಯದೆ, ಗಂಟೆಗಟ್ಟಲೆ ತಡೆದರೆ ಅವು ಒಳಗೇ ಉಳಿದು ವೃದ್ಧಿಯಾಗಲು ಅವಕಾಶ ದೊರೆಯುತ್ತದೆ. ಸ್ತ್ರೀಯರ ಮೂತ್ರಮಾರ್ಗ ಸುಮಾರು ನಾಲ್ಕು ಸೆಂಟಿಮೀಟರ್ ಮಾತ್ರ ಉದ್ದವಿರುವುದರಿಂದ ಸೋಂಕು ಅವರಿಗೆ ಬೇಗ ತಗಲುತ್ತದೆ. ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಜೀವಿತದಲ್ಲಿ ಒಮ್ಮೆಯಾದರೂ ಈ ಸೋಂಕನ್ನು ಅನುಭವಿಸುತ್ತಾರೆ. ನಿರ್ಲಕ್ಷಿಸಿದರೆ ಅದು ಮೂತ್ರಪಿಂಡಕ್ಕೂ ಏರಬಲ್ಲದು.

ಪರಿಹಾರ ದುಬಾರಿಯದಲ್ಲ. ಕಡಿಮೆ ನೀರು ಕುಡಿಯುತ್ತಿದ್ದ, ಪದೇ ಪದೇ ಸೋಂಕಿಗೆ ಒಳಗಾಗುತ್ತಿದ್ದ 140 ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ನೀರನ್ನು ಹೆಚ್ಚಾಗಿ ಕುಡಿದವರಲ್ಲಿ ಸೋಂಕು ಸುಮಾರು ಅರ್ಧಕ್ಕಿಳಿಯಿತು. ಸಕಾಲದ ಮೂತ್ರವಿಸರ್ಜನೆಯ ಮಹತ್ವ ನಮ್ಮ ಹಿರಿಯರಿಗೂ ತಿಳಿದಿತ್ತು. ಸಹಜ ವೇಗಗಳನ್ನು ತಡೆಯಬಾರದೆಂಬುದಕ್ಕೆ ಚರಕ ಸಂಹಿತೆಯಲ್ಲಿ ಒಂದು ಅಧ್ಯಾಯವೇ ಮೀಸಲಾಗಿದೆ.

ಉದ್ಯೋಗಕ್ಕೂ ಮೂತ್ರಕೋಶಕ್ಕೂ ಇರುವ ನಂಟು ಹೊಸದೇನಲ್ಲ. ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆಹ್ನ್ 1895ರಲ್ಲಿಯೇ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಂತಿಗಳನ್ನು ಗುರುತಿಸಿ, ಅವರು ಬಳಸುತ್ತಿದ್ದ ರಾಸಾಯನಿಕಗಳತ್ತ ಬೊಟ್ಟು ಮಾಡಿದ್ದರು. ಇಂದು ಈ ಅಂಗದ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ ಧೂಮಪಾನ. ನೋವಿಲ್ಲದಿದ್ದರೂ ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಸ್ತ್ರೀ ಪುರುಷರಿಗೆ ಪ್ರತ್ಯೇಕ ಶೌಚಾಲಯವಿರಬೇಕೆಂದು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಅದರ ಸ್ಥಾನದಲ್ಲಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಂಹಿತೆಯೂ ಈ ಹೊಣೆಯನ್ನು ಮಾಲೀಕರ ಮೇಲೆ ಇರಿಸಿದೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗಳು ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬಾರವು. ಆದರೆ ಶರೀರಧರ್ಮಕ್ಕೆ ಅಂತಹ ವಿನಾಯಿತಿ ಇಲ್ಲ. ನೆರೆಯ ಕೇರಳದಲ್ಲಿ ಶೌಚಾಲಯವಿಲ್ಲದ ಬವಣೆಯ ವಿರುದ್ಧ ಕೋಯಿಕ್ಕೋಡಿನ ಅಂಗಡಿಗಳ ಮಹಿಳೆಯರು ದನಿಯೆತ್ತಿದರು. ಅವರ ಹೋರಾಟ ಬೆಳೆದು, 2018ರಲ್ಲಿ ಮಾರಾಟಗಾರರಿಗೆ ಕುಳಿತುಕೊಳ್ಳುವ ಹಕ್ಕನ್ನೂ ಕಾನೂನಿನ ಮೂಲಕ ದೊರಕಿಸಿತು. ಕೆಲಸಗಾರರು ಬೀದಿಗಿಳಿಯುವ ಮೊದಲೇ ವರ್ತಕರು ಎಚ್ಚೆತ್ತುಕೊಳ್ಳುವುದು ಗೌರವದ ಮಾರ್ಗ.

ಪೇಟೆಯ ಇಕ್ಕಟ್ಟಾದ ಮಳಿಗೆಗಳಲ್ಲಿ ಸ್ಥಳಾಭಾವವಿದೆ, ಬಾಡಿಗೆ ವಿಪರೀತವಾಗಿದೆ ಎಂಬ ಮಾತು ಸುಳ್ಳಲ್ಲ. ಆದರೆ ಒಂದೇ ಸಾಲಿನ ಹತ್ತು ಅಂಗಡಿಗಳು ಸೇರಿ ಒಂದು ಸುಸಜ್ಜಿತ ಶೌಚಾಲಯವನ್ನು ನಿರ್ಮಿಸಿ, ಅದರ ನೀರು ಮತ್ತು ಶುಚಿತ್ವದ ವೆಚ್ಚವನ್ನು ಹಂಚಿಕೊಳ್ಳಬಹುದು. ವರ್ತಕರ ಸಂಘಗಳು ಇದರ ನೇತೃತ್ವ ವಹಿಸಬೇಕು. ಲೆಕ್ಕವೂ ಸರಳವಾಗಿದೆ: ಪಾಳಿಯಲ್ಲಿ ನಾಲ್ಕು ಬಾರಿ ಐದೈದು ನಿಮಿಷದ ಬಿಡುವು ನೀಡಿದರೆ ಹೋಗುವುದು ಇಪ್ಪತ್ತು ನಿಮಿಷ, ಚಳಿಜ್ವರದಿಂದ ನುರಿತ ಕೆಲಸಗಾರ್ತಿ ಮೂರು ದಿನ ಮನೆಯಲ್ಲುಳಿದರೆ ಹೋಗುವುದು ಮೂರು ದಿನದ ದುಡಿಮೆ.

ಗಲ್ಲಾಪೆಟ್ಟಿಗೆಯ ಮುಂದಿನ ಮಾಲೀಕರೂ ಇದಕ್ಕೆ ಹೊರತಲ್ಲ. ಐವತ್ತು ದಾಟಿದ ಪುರುಷರು ರಾತ್ರಿ ಪದೇ ಪದೇ ಏಳಬೇಕಾಗುವುದನ್ನು, ಧಾರೆ ಕ್ಷೀಣವಾಗುವುದನ್ನು ವಯಸ್ಸಿನ ಲಕ್ಷಣವೆಂದು ತಳ್ಳಿಹಾಕದೆ ಪರೀಕ್ಷಿಸಿಕೊಳ್ಳಬೇಕು. ಅದು ಪ್ರಾಸ್ಟೇಟ್ ಗ್ರಂಥಿಯ ಊತವೋ ಮಧುಮೇಹವೋ ಆಗಿರಬಹುದು.

ಅಂಗಡಿಗೆ ಬಂದ ಗ್ರಾಹಕರಿಗೆ ನೀರು ಕೊಟ್ಟು ಉಪಚರಿಸುವುದು ಈ ನಾಡಿನ ವರ್ತಕರ ಹಳೆಯ ಸಂಪ್ರದಾಯ. ಆ ನೀರನ್ನು ತಂದುಕೊಡುವವರೂ ನಿರ್ಭೀತಿಯಿಂದ ನೀರು ಕುಡಿಯುವಂತಾದರೆ ಆ ಸಂಪ್ರದಾಯ ಪೂರ್ಣವಾದೀತು.